ಟ್ರಿನಿಡಾಡ್‌ನ ಪ್ರೆಸ್ಬಿಟೇರಿಯನ್ ಸಭೆ ಬೆಳೆದದ್ದು ಹೇಗೆ: ಲೆಕ್ಕ ಹಿಡಿದು ಚರಿತ್ರೆ ಬರೆಯುವವರಿಗೊಂದು ಕೈಪಿಡಿ

1868ರ ಜನವರಿಯಲ್ಲಿ ಕೆನಡಾದ ಪಾದ್ರಿ ಜಾನ್ ಮಾರ್ಟನ್ ಹೆಂಡತಿ ಸಾರಾ ಜೊತೆ ಕೆರಿಬಿಯನ್ ಸಮುದ್ರದ ಟ್ರಿನಿಡಾಡ್ ದ್ವೀಪಕ್ಕೆ ಬಂದಿಳಿದರು. ಭಾರತದಿಂದ ಕರಾರು ಕೂಲಿಗಳನ್ನು ಹೊತ್ತ ಮೊದಲ ಹಡಗು ಫತೇಲ್ ರಜಾಕ್ ಅಲ್ಲಿಗೆ ಮುಟ್ಟಿದ್ದು 1845ರ ಮೇ 30ರಂದು. ಹಡಗುಗಳು ಬರುವುದು ನಿಂತದ್ದು 1917ರಲ್ಲಿ. ಅಷ್ಟರಲ್ಲಿ ಸುಮಾರು 1,44,000 ಭಾರತೀಯರು ಆ ದ್ವೀಪಕ್ಕೆ ಬಂದಿದ್ದರು. ಮಾರ್ಟನ್ ಕೆಲಸ ಮಾಡಲು ಬಂದದ್ದು ಇವರ ನಡುವೆ. ಆ ಮಿಷನ್ನಿನಿಂದ, ಅಂದರೆ ಧರ್ಮಪ್ರಚಾರದ ಕೆಲಸದಿಂದ, ಹುಟ್ಟಿದ ಪ್ರೆಸ್ಬಿಟೇರಿಯನ್ ಸಭೆ (ಹಿರಿಯರ ಕೂಟ ನಡೆಸುವ ಪ್ರಾಟೆಸ್ಟಂಟ್ ಚರ್ಚು) ಇವತ್ತು 72 ಪ್ರಾಥಮಿಕ ಶಾಲೆಗಳನ್ನೂ 5 ಪ್ರೌಢಶಾಲೆಗಳನ್ನೂ ನಡೆಸುತ್ತಿದೆ. ಆದರೆ 2011ರ ಜನಗಣತಿಯಲ್ಲಿ ತಾವು ಪ್ರೆಸ್ಬಿಟೇರಿಯನ್ ಎಂದು ಬರೆಸಿದವರು, ಅದೇ ಕಲಮಿನಲ್ಲಿ ಸೇರಿರುವ ಕಾಂಗ್ರಿಗೇಷನಲ್ ಎಂಬ ಇನ್ನೊಂದು ಪ್ರಾಟೆಸ್ಟಂಟ್ ಸಭೆಯವರನ್ನೂ ಕೂಡಿಸಿ, ದೇಶದ ಶೇ. 2.5 ಮಾತ್ರ.

ಶಾಲೆ ಇಷ್ಟು, ಸದಸ್ಯರು ಇಷ್ಟೇ. ಬರೆಯುವವರು ಎಡವುವುದು ಇಲ್ಲೇ. ದೀಕ್ಷಾಸ್ನಾನದ (ಬ್ಯಾಪ್ಟಿಸಂ) ಪುಸ್ತಕವೊಂದನ್ನೇ ಹಿಡಿದವರಿಗೆ ಇದು ಸಣ್ಣ ಸಭೆ. ಶಾಲೆಗಳ ಪಟ್ಟಿಯೊಂದನ್ನೇ ಹಿಡಿದವರಿಗೆ ಇದು ದೊಡ್ಡ ಸಾಮ್ರಾಜ್ಯ. ಸರಿಯಾದ ಚಿತ್ರ ಸಿಗಬೇಕಾದರೆ ಮೂರನೆಯ ಒಬ್ಬರ ಬೆನ್ನು ಹತ್ತಬೇಕು: ವಾರದ ದಿನ ಮೇಷ್ಟ್ರಾಗಿ, ಭಾನುವಾರ ಉಪದೇಶಿಯಾಗಿ ದುಡಿದವರು. ಶಾಲೆಯಿಂದ ಸಭೆಗೆ ದಾರಿ ಹೋಗಿರುವುದು ಅವರ ಮೂಲಕ. ಸಂಶೋಧನಾ ವಿದ್ಯಾರ್ಥಿಗಳು, ಸಭೆಯ ನೂರು-ನೂರೈವತ್ತು ವರ್ಷದ ಸ್ಮರಣ ಸಂಚಿಕೆ ಸಿದ್ಧಪಡಿಸುವವರು, ಅಜ್ಜ-ಮುತ್ತಜ್ಜರ ಜಾಡು ಹುಡುಕುವವರು, ಈ ಮೂರು ಬಗೆಯವರಿಗೂ ಮುಂದಿನ ಕ್ರಮ ಹೊಂದುತ್ತದೆ.

ಯಾವ ಸಭೆ, ಯಾವ ಕಾಲ

ಟ್ರಿನಿಡಾಡ್‌ನಲ್ಲಿ ಪ್ರೆಸ್ಬಿಟೇರಿಯನ್ ಎಂಬ ಹೆಸರು ಮಾರ್ಟನ್‌ಗಿಂತ ಹಳೆಯದು. ಸ್ಕಾಟ್‌ಲೆಂಡಿನವರು ಕಟ್ಟಿದ ಗ್ರೇಫ್ರಯರ್ಸ್ ಚರ್ಚು ಪೋರ್ಟ್ ಆಫ್ ಸ್ಪೇನ್‌ನಲ್ಲಿ 1830ರ ದಶಕದಿಂದಲೇ ಇತ್ತು. 1840ರ ದಶಕದಲ್ಲಿ ಮಡೇರಾ ದ್ವೀಪದಿಂದ ಕಿರುಕುಳ ತಪ್ಪಿಸಿಕೊಂಡು ಬಂದ ಪೋರ್ಚುಗೀಸ್ ಪ್ರಾಟೆಸ್ಟಂಟರು ಸ್ಕಾಟಿಷ್ ಸಭೆಯ ಆಸರೆ ಪಡೆದರು. ಅಮೆರಿಕದ ಪ್ರೆಸ್ಬಿಟೇರಿಯನ್ನರು ಐಯೆರಿ ವಿಲೇಜ್‌ನಲ್ಲಿ ಒಂದು ಠಾಣೆ ನಡೆಸಿ ಬಿಟ್ಟಿದ್ದರು, ಮಾರ್ಟನ್ ಮೊದಲು ನೆಲೆಸಿದ್ದು ಅಲ್ಲೇ. ಹೀಗಾಗಿ ಹಳೆಯ ಗಣತಿಯಲ್ಲಿ ಪ್ರೆಸ್ಬಿಟೇರಿಯನ್ ಎಂಬ ಕಲಮು ಕಂಡ ಕೂಡಲೇ ಅದನ್ನು ಕೆನಡಿಯನ್ ಮಿಷನ್ನಿನ ಫಲವೆಂದು ಎಣಿಸಬೇಡಿ. ಅದರಲ್ಲಿ ಸ್ಕಾಟಿಷ್ ವರ್ತಕರಿದ್ದಾರೆ, ದ್ವೀಪದಲ್ಲೇ ಹುಟ್ಟಿ ಬೆಳೆದ ಆಫ್ರಿಕನ್ ಅಥವಾ ಮಿಶ್ರ ಮೂಲದ ಕ್ರಿಯೋಲ್ ಕುಟುಂಬಗಳಿವೆ, ಪೋರ್ಚುಗೀಸರಿದ್ದಾರೆ. ಹುಟ್ಟೂರು ಅಥವಾ ಜನಾಂಗದ ಪ್ರಕಾರ ಬಿಡಿಸಿದ ಕೋಷ್ಟಕ ಸಿಕ್ಕರೆ ಮಾತ್ರ ಭಾರತೀಯ ಸದಸ್ಯರನ್ನು ಬೇರ್ಪಡಿಸಿ. ಸಿಗದಿದ್ದರೆ ಒಟ್ಟು ಸಂಖ್ಯೆಯನ್ನೇ ಕೊಟ್ಟು, ಅದು ಒಟ್ಟು ಸಂಖ್ಯೆ ಎಂದು ಬರೆಯಿರಿ.

ತಾಯಿ ಸಭೆಯ ಹೆಸರೂ ಬದಲಾಗುತ್ತ ಬಂದಿದೆ. ಮಾರ್ಟನ್‌ರನ್ನು ಕಳಿಸಿದ್ದು ನೋವಾ ಸ್ಕೋಶಿಯಾ ಕಡೆಯ ಪ್ರಾಂತಗಳ ಪ್ರೆಸ್ಬಿಟೇರಿಯನ್ ಸಭೆ. 1875ರಲ್ಲಿ ಅದು ಇಡೀ ಕೆನಡಾದ ಪ್ರೆಸ್ಬಿಟೇರಿಯನ್ ಸಭೆಯೊಳಗೆ ಸೇರಿತು. 1925ರಲ್ಲಿ ಆ ಸಭೆಯ ದೊಡ್ಡ ಪಾಲು ಮೆಥೊಡಿಸ್ಟರು ಮತ್ತು ಕಾಂಗ್ರಿಗೇಷನಲಿಸ್ಟರ ಜೊತೆ ಕೂಡಿ ಯುನೈಟೆಡ್ ಚರ್ಚ್ ಆಫ್ ಕೆನಡಾ ಆಯಿತು. ಟ್ರಿನಿಡಾಡ್ ಮಿಷನ್ ಯುನೈಟೆಡ್ ಚರ್ಚಿನ ಪಾಲಿಗೆ ಬಂತು. ಪಕ್ಕದ ಬ್ರಿಟಿಷ್ ಗಯಾನಾ ಮಿಷನ್ ಮಾತ್ರ ಹೊರಗುಳಿದ ಪ್ರೆಸ್ಬಿಟೇರಿಯನ್ನರ ಕೈಯಲ್ಲೇ ಉಳಿಯಿತು. 1925ರ ನಂತರದ ಪತ್ರಗಳನ್ನು ಪ್ರೆಸ್ಬಿಟೇರಿಯನ್ ಕಡತದಲ್ಲಿ ಹುಡುಕಿ, ಸಿಗಲಿಲ್ಲವೆಂದು ಕೈಚೆಲ್ಲುವವರು ಬಹಳ. ಕಡತ ಇದೆ, ಮನೆ ಬದಲಾಗಿದೆ ಅಷ್ಟೇ. ದ್ವೀಪದ ಸಭೆಗಳು ತಮ್ಮನ್ನು ಪ್ರೆಸ್ಬಿಟೇರಿಯನ್ ಎಂದೇ ಕರೆದುಕೊಂಡವು. ಹೊರಗಿನ ಹೆಸರು ಬದಲಾದರೂ ಒಳಗಿನ ಹೆಸರು ಬದಲಾಗದ್ದೇ ಗೊಂದಲಕ್ಕೆ ಕಾರಣ.

ಕಾಲವನ್ನು ನಾಲ್ಕು ತುಂಡು ಮಾಡಿಕೊಂಡರೆ ಕೆಲಸ ಸಲೀಸು: 1868ರಿಂದ 1890, ಅಲ್ಲಿಂದ 1925, ಅಲ್ಲಿಂದ 1950ರ ಆಸುಪಾಸು, ಅದರಾಚೆ. 1890ರಲ್ಲಿ ಮುರಿಯಬೇಕಾದ್ದಕ್ಕೆ ಕಾರಣ ಆ ವರ್ಷದ ಶಿಕ್ಷಣ ಶಾಸನ. ಧಾರ್ಮಿಕ ಸಂಸ್ಥೆಗಳ ಶಾಲೆಗಳಿಗೆ ಸರ್ಕಾರದ ಸಹಾಯಧನ ಗಟ್ಟಿಯಾಗಿ ಹರಿಯತೊಡಗಿದ್ದು ಅದರಿಂದ. 1950ರ ಗಡಿಗೆ ಕಾರಣವನ್ನು ಮುಂದೆ ಹೇಳಿದೆ.

ಹಾಳೆ ಸಿದ್ಧ ಮಾಡಿಕೊಳ್ಳುವುದು

ಒಂದು ಊರಿಗೆ ಒಂದು ವರ್ಷಕ್ಕೆ ಒಂದು ಸಾಲು. ಕಂಬಗಳು, ಅಂದರೆ ಕಾಲಂಗಳು, ಹೀಗಿರಲಿ: ವರ್ಷ, ಊರು, ಆಗಿನ ಹೆಸರು ಬೇರೆಯಿದ್ದರೆ ಅದು, ಯಾವ ವಲಯ, ಕರ್ತನ ಭೋಜನಕ್ಕೆ (ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಸಂಸ್ಕಾರ) ಸೇರುವ ಸದಸ್ಯರು, ವಯಸ್ಕರ ದೀಕ್ಷಾಸ್ನಾನ, ಮಕ್ಕಳ ದೀಕ್ಷಾಸ್ನಾನ, ಶಾಲೆಗೆ ಹೆಸರು ಹಚ್ಚಿದ ಮಕ್ಕಳು, ದಿನದ ಸರಾಸರಿ ಹಾಜರಿ, ಮೇಷ್ಟ್ರ ಹೆಸರು, ಉಪದೇಶಿಯ ಹೆಸರು, ಹಣದ ಮೊತ್ತ ಮತ್ತು ನಾಣ್ಯ, ಅಂಕಿ ಸಿಕ್ಕ ದಾಖಲೆ ಮತ್ತು ಪುಟ. ಹದಿಮೂರು ಕಂಬ ಜಾಸ್ತಿ ಅನ್ನಿಸಬಹುದು. ಆದರೆ ವಯಸ್ಕರ ಮತ್ತು ಮಕ್ಕಳ ದೀಕ್ಷಾಸ್ನಾನವನ್ನು ಮೊದಲೇ ಬೇರೆ ಮಾಡಿಕೊಳ್ಳದಿದ್ದರೆ ಆಮೇಲೆ ಬೇರ್ಪಡಿಸಲು ಬರುವುದಿಲ್ಲ. ವಯಸ್ಕರ ಸಂಖ್ಯೆ ಹೊಸದಾಗಿ ಬಂದವರನ್ನು ತೋರಿಸುತ್ತದೆ, ಮಕ್ಕಳದು ಆಗಲೇ ಒಳಗಿರುವ ಮನೆಗಳನ್ನು. ಮೊದಲ ಪೀಳಿಗೆ ಕಳೆದ ಮೇಲೆ ಎರಡನೆಯದು ಮೊದಲನೆಯದನ್ನು ಮೀರಿಸುವುದು ಸಹಜ. ಎರಡನ್ನೂ ಕೂಡಿಸಿಟ್ಟರೆ ಮಿಷನ್ ಇನ್ನೂ ಅದೇ ವೇಗದಲ್ಲಿ ಹರಡುತ್ತಿದೆ ಎಂಬ ಭ್ರಮೆ ಹುಟ್ಟುತ್ತದೆ.

ಹಾಳೆಯಲ್ಲಿ ಅಂಕಿ ಸಿಗದ ಚೌಕವನ್ನು ಖಾಲಿ ಬಿಡಿ. ಅಲ್ಲಿ ಸೊನ್ನೆ ಬರೆದರೆ ಸಭೆಯೇ ಇರಲಿಲ್ಲ ಎಂದಾಗುತ್ತದೆ. ಎರಡು ದಾಖಲೆ ಎರಡು ಅಂಕಿ ಕೊಟ್ಟರೆ ಸರಾಸರಿ ತೆಗೆಯಬೇಡಿ, ಎರಡು ಸಾಲು ಮಾಡಿ ಎರಡನ್ನೂ ಉಳಿಸಿಕೊಳ್ಳಿ.

ದಾಖಲೆ ಎಲ್ಲೆಲ್ಲಿ

ನಾಲ್ಕು ಕಡೆ. ಸಭೆಗಳಲ್ಲಿ ದೀಕ್ಷಾಸ್ನಾನ, ಮದುವೆ, ಸಮಾಧಿಯ ಪುಸ್ತಕಗಳು ಮತ್ತು ಸಭಾ ಹಿರಿಯರ ಕೂಟದ ನಡಾವಳಿ ಪುಸ್ತಕಗಳಿರುತ್ತವೆ. ಕೆನಡಾದಲ್ಲಿ ಯುನೈಟೆಡ್ ಚರ್ಚಿನ ದಾಖಲೆ ಭಂಡಾರವಿದೆ. ಮಿಷನರಿಗಳು ತಮ್ಮನ್ನು ಕಳಿಸಿದ ಮಿಷನ್ ಮಂಡಳಿಗೆ ಬರೆದ ಪತ್ರಗಳೂ ವಾರ್ಷಿಕ ವರದಿಗಳೂ ಅಲ್ಲಿ ಸಿಗುತ್ತವೆ. ಸಭೆಯ ಮಾಸಪತ್ರಿಕೆಗಳಲ್ಲಿ ಆ ಪತ್ರಗಳ ಆಯ್ದ ಭಾಗ ಅಚ್ಚಾಗಿದೆ. ಪೋರ್ಟ್ ಆಫ್ ಸ್ಪೇನ್‌ನ ರಾಷ್ಟ್ರೀಯ ದಾಖಲೆ ಭಂಡಾರದಲ್ಲಿ ವಲಸೆಗಾರರ ರಿಜಿಸ್ಟರುಗಳು, ವಲಸೆಗಾರರ ರಕ್ಷಣಾಧಿಕಾರಿಯ ವರದಿಗಳು, ಶಾಲಾ ತಪಾಸಣಾಧಿಕಾರಿಯ ವರದಿಗಳು. ಕೊನೆಯದು ಜನಗಣತಿಯ ಸಂಪುಟಗಳು.

ನೋಡುವ ಕ್ರಮ ಮುಖ್ಯ. ಮೊದಲು ಶಾಲಾ ತಪಾಸಣಾಧಿಕಾರಿಯ ವರದಿ ನೋಡಿ. ಆ ಮನುಷ್ಯನಿಗೆ ಸಭೆ ಬೆಳೆದರೂ ಅಷ್ಟೇ, ಬೆಳೆಯದಿದ್ದರೂ ಅಷ್ಟೇ. ಮಿಷನರಿಯ ಪತ್ರ ಓದುವುದು ಆಮೇಲೆ. ಆ ಪತ್ರಗಳು ನೋವಾ ಸ್ಕೋಶಿಯಾದ ಭಾನುವಾರ ಶಾಲೆಗಳಲ್ಲಿ, ಹೆಂಗಸರ ಮಿಷನ್ ಸಂಘಗಳಲ್ಲಿ ಓದಿಸಿ ಕಾಣಿಕೆ ಎತ್ತಲು ಒದಗಿದಂಥವು. ಸುಳ್ಳು ಬರೆದರೆಂದಲ್ಲ. ಎಷ್ಟೋ ಪತ್ರಗಳಲ್ಲಿ ಸೋಲು, ಜ್ವರ, ಮಗು ಕಳೆದುಕೊಂಡ ದುಃಖ ಎಲ್ಲವೂ ಮನ ಕರಗುವಷ್ಟು ನೇರವಾಗಿವೆ. ಆದರೆ ಅಚ್ಚಿಗೆ ಹೋಗುವಾಗ ಯಾವುದು ಉಳಿಯಿತು, ಯಾವುದು ಬಿಟ್ಟುಹೋಯಿತು ಎಂಬುದು ಬೇರೆ ಮಾತು. ಒಂದೇ ಪತ್ರದ ಕೈಬರಹ ಮತ್ತು ಅಚ್ಚು ಎರಡೂ ಸಿಕ್ಕರೆ ಪಕ್ಕಪಕ್ಕ ಇಟ್ಟು ಓದಿ.

ಆ ಕಾಲದ ವರದಿಗಳಲ್ಲಿ ಭಾರತೀಯರನ್ನು ಕರೆದ ಪದಗಳು ಇವತ್ತು ಕಿವಿಗೆ ನೋವಾಗುವಂಥವು. ಉದ್ಧರಣ ಚಿಹ್ನೆಯೊಳಗೆ ಇದ್ದದ್ದನ್ನು ಇದ್ದಂತೆ ಇಡಿ, ನಿಮ್ಮ ವಾಕ್ಯದೊಳಗೆ ಬಿಟ್ಟುಕೊಳ್ಳಬೇಡಿ.

ಸದಸ್ಯರನ್ನು ಎಣಿಸುವುದು

ಪ್ರೆಸ್ಬಿಟೇರಿಯನ್ ಪದ್ಧತಿಯಲ್ಲಿ ಮೂರು ಸುತ್ತಿನ ಜನರಿದ್ದಾರೆ. ಕರ್ತನ ಭೋಜನಕ್ಕೆ ಸೇರಿಸಿಕೊಂಡವರು ಒಳಸುತ್ತು. ದೀಕ್ಷಾಸ್ನಾನವಾದರೂ ಭೋಜನಕ್ಕೆ ಇನ್ನೂ ಸೇರದವರು, ಮುಖ್ಯವಾಗಿ ಮಕ್ಕಳು, ನಡುಸುತ್ತು. ಆರಾಧನೆಗೆ ಬರುವ, ಆದರೆ ದೀಕ್ಷಾಸ್ನಾನವನ್ನಾಗಲಿ ಭೋಜನವನ್ನಾಗಲಿ ತೆಗೆದುಕೊಳ್ಳದವರು ಹೊರಸುತ್ತು. ಜನಗಣತಿಗೆ ಇದು ಯಾವುದೂ ಗೊತ್ತಿಲ್ಲ, ಮನೆಯವರು ಹೇಳಿದ್ದನ್ನು ಬರೆದುಕೊಂಡಿದೆ. ಹಾಗಾಗಿ ಒಂದೇ ಊರಿಗೆ ಒಂದೇ ವರ್ಷ ನಾಲ್ಕು ಅಂಕಿ ಸಿಕ್ಕಿದರೆ ಗಾಬರಿ ಬೇಡ, ನಾಲ್ಕೂ ಸರಿಯಿರಬಹುದು. ಒಂದು ಸುತ್ತನ್ನು ಆರಿಸಿ ಕೊನೆಯವರೆಗೂ ಅದನ್ನೇ ಹಿಡಿಯಿರಿ. ಉದ್ದ ಕಾಲದ ಹೋಲಿಕೆಗೆ ಒಳಸುತ್ತೇ ಒಳ್ಳೆಯದು, ಏಕೆಂದರೆ ಸಭಾ ಹಿರಿಯರ ಕೂಟ ಅದನ್ನು ಹೆಸರು ಹಿಡಿದು ಇಟ್ಟುಕೊಂಡಿರುತ್ತದೆ.

ತಾಳೆ ನೋಡುವ ಲೆಕ್ಕ ಸರಳ: ವರ್ಷದ ಆರಂಭದ ಸಂಖ್ಯೆಗೆ, ನಂಬಿಕೆ ಅರಿಕೆ ಮಾಡಿ ಸೇರಿದವರನ್ನೂ ಬೇರೆ ಸಭೆಯಿಂದ ವರ್ಗಾವಣೆಯ ಪತ್ರ ತಂದವರನ್ನೂ ಕೂಡಿಸಿ; ಸತ್ತವರು, ಪತ್ರ ತೆಗೆದುಕೊಂಡು ಹೋದವರು, ಹೆಸರು ತೆಗೆದುಹಾಕಿಸಿಕೊಂಡವರನ್ನು ಕಳೆಯಿರಿ. ಬಂದ ಮೊತ್ತ ಮುಂದಿನ ವರ್ಷದ ಆರಂಭದ ಸಂಖ್ಯೆಗೆ ಸರಿಹೊಂದಬೇಕು. ಹೊಂದದೆ ಒಂದೇ ವರ್ಷದಲ್ಲಿ ಸಂಖ್ಯೆ ದೊಪ್ಪನೆ ಬಿದ್ದಿದ್ದರೆ ಜನ ಬಿಟ್ಟುಹೋದರೆಂದು ತಕ್ಷಣ ಬರೆಯಬೇಡಿ. ಹಿರಿಯರು ಕುಳಿತು ಹಳೆಯ ಪಟ್ಟಿ ಶುದ್ಧ ಮಾಡಿರುತ್ತಾರೆ, ವರ್ಷಗಟ್ಟಲೆ ಕಾಣದವರ ಹೆಸರು ಒಟ್ಟಿಗೆ ಹೊಡೆದುಹಾಕಿರುತ್ತಾರೆ. ಆ ವರ್ಷದ ನಡಾವಳಿ ಪುಸ್ತಕದಲ್ಲಿ ಅದರ ಸುಳಿವಿರುತ್ತದೆ. ಇನ್ನೊಂದು ಕಾರಣ, ಒಂದು ದೊಡ್ಡ ಸಭೆ ಎರಡಾಗಿ ಒಡೆದು ಪಕ್ಕದ ಹಳ್ಳಿಗೆ ಹೊಸ ಸಭೆ ಹುಟ್ಟಿದ್ದು. ವಲಯದ ಒಟ್ಟು ಸಂಖ್ಯೆ ನೋಡಿದರೆ ಇದು ಗೊತ್ತಾಗುತ್ತದೆ.

ಶಾಲೆ: ನಿಜವಾದ ಎಂಜಿನ್

ಮಾರ್ಟನ್ ಐಯೆರಿಯಲ್ಲಿ ಸಭೆ ಕಟ್ಟುವ ಮೊದಲೇ ಮಕ್ಕಳನ್ನು ಕೂರಿಸಿಕೊಂಡು ಅಕ್ಷರ ಹೇಳಿಕೊಟ್ಟರು. ಕಾರಣ ಸ್ಪಷ್ಟ. ಆಗಿದ್ದ ಸರ್ಕಾರಿ ವಾರ್ಡ್ ಶಾಲೆಗಳಿಗೆ ಭಾರತೀಯ ಮಕ್ಕಳು ಹೋಗುತ್ತಿರಲಿಲ್ಲ. ಕೂಲಿಗಳು ದುಡಿಯುವ ಕಬ್ಬಿನ ಎಸ್ಟೇಟಿನಿಂದ ಶಾಲೆ ದೂರ, ಪಾಠ ಇಂಗ್ಲಿಷಿನಲ್ಲಿ, ಜೊತೆಗೆ ಬೇರೆ ಜನಾಂಗದ ಮಕ್ಕಳ ಪಕ್ಕ ಕೂರಿಸಲು ತಂದೆತಾಯಿಗೆ ಅಳುಕು. ಮಾರ್ಟನ್ ಹಿಂದಿ ಕಲಿತರು. 1870ರಲ್ಲಿ ಬಂದ ಕೆನೆತ್ ಗ್ರಾಂಟ್ ಸ್ಯಾನ್ ಫರ್ನಾಂಡೊ ಪೇಟೆಯಲ್ಲಿ ನೆಲೆನಿಂತರು, 1872ರಲ್ಲಿ ಅಲ್ಲಿ ಕಟ್ಟಿದ ಚರ್ಚಿಗೆ ಸುಸಮಾಚಾರ್ ಎಂದು ಹಿಂದಿಯಲ್ಲೇ ಹೆಸರಿಟ್ಟರು. ಟುನಾಪುನಾದ ಚರ್ಚಿನ ಹೆಸರು ಆರಾಮಾಲಯ. ಇಂಥ ಹೆಸರುಗಳು, ಆರಾಧನೆಯಲ್ಲಿ ಹಾಡುವ ಹಿಂದಿ ಭಜನೆಗಳು, ಇವು ಅಲಂಕಾರಕ್ಕೆ ಬಂದವಲ್ಲ. ಬೆಳವಣಿಗೆಯ ಕಾರಣಗಳಲ್ಲಿ ಒಂದಾಗಿ ಇವನ್ನೂ ದಾಖಲಿಸಿ.

ಹಣ ಮೂರು ಕಡೆಯಿಂದ ಬಂತು: ಕೆನಡಾದ ಸಭೆ, ಎಸ್ಟೇಟ್ ಮಾಲೀಕರು, ಸರ್ಕಾರ. ಓದಿದ ಮಕ್ಕಳಿರುವ ಕೂಲಿಗಳ ಕುಟುಂಬ ಕರಾರು ಮುಗಿದರೂ ಅಲ್ಲೇ ಉಳಿಯಬಹುದೆಂಬ ಲೆಕ್ಕಾಚಾರ ಮಾಲೀಕರದು. ಗವರ್ನರ್ ಆರ್ಥರ್ ಗಾರ್ಡನ್ ಕಾಲದ 1870ರ ಶಾಸನ ಧಾರ್ಮಿಕ ಸಂಸ್ಥೆಗಳ ಶಾಲೆಗಳಿಗೆ ಸಹಾಯಧನದ ಬಾಗಿಲು ತೆರೆಯಿತು. ಪ್ರತಿ ಶಾಲೆಗೂ ಈ ಮೂರು ಪಾಲು ಯಾವ ವರ್ಷ ಎಷ್ಟೆಷ್ಟಿತ್ತು ಎಂದು ಬಿಡಿಸಿ ನೋಡಿ. ಮಾಲೀಕರ ಪಾಲು ಕುಗ್ಗಿ ಸರ್ಕಾರದ ಪಾಲು ಹಿಗ್ಗುವ ವರ್ಷ ಸಿಕ್ಕಿತೆಂದರೆ, ಶಾಲೆ ಎಸ್ಟೇಟಿನ ಅಂಗಳದಿಂದ ಹಳ್ಳಿಯ ರಸ್ತೆಗೆ ಬಂದ ಕಾಲವೂ ಅದರ ಹತ್ತಿರವೇ ಇದೆಯೇ ಎಂದು ನಕ್ಷೆಯಲ್ಲಿ ಹುಡುಕಿ.

ಶಾಲೆಯ ಅಂಕಿಯಲ್ಲಿ ಮೂರು ಗುಂಡಿಗಳಿವೆ.

ಹೆಸರು ಹಚ್ಚಿದವರು ಬೇರೆ, ದಿನಾ ಬರುವವರು ಬೇರೆ. ಪುಸ್ತಕದಲ್ಲಿ 80 ಹೆಸರಿದ್ದು ದಿನದ ಸರಾಸರಿ 45 ಇದ್ದರೆ, ಆ ಶಾಲೆಯ ಗಾತ್ರ 45 ಎಂದೇ ತಿಳಿಯಿರಿ. ಮಿಷನ್ ವರದಿ ಮೊದಲನೆಯದನ್ನು, ತಪಾಸಣಾಧಿಕಾರಿ ಎರಡನೆಯದನ್ನು ಒತ್ತಿ ಹೇಳುವ ಸಂಭವ ಹೆಚ್ಚು. ಎರಡನ್ನೂ ಬೇರೆಬೇರೆ ಕಂಬದಲ್ಲಿ ಇಡಿ ಎಂದದ್ದು ಇದಕ್ಕೇ.

ತಿಂಗಳು ನೋಡದೆ ಹಾಜರಿ ನೋಡಬೇಡಿ. ಜನವರಿಯಿಂದ ಮೇ-ಜೂನ್‌ವರೆಗೆ ಕಬ್ಬು ಕಡಿಯುವ ಕಾಲ, ಅಲ್ಲಿಯವರ ಮಾತಿನಲ್ಲಿ ಕ್ರಾಪ್. ದೊಡ್ಡ ಮಕ್ಕಳು ಗದ್ದೆಗೆ, ನಡುವಿನವರು ಮನೆಯಲ್ಲಿ ಕೂಸು ನೋಡಿಕೊಳ್ಳಲು. ಜೂನ್ ನಂತರ ಮಳೆಗಾಲ, ರಸ್ತೆ ಕೆಸರು, ಚಳಿಜ್ವರ. ಮಾರ್ಚಿನ ಅಂಕಿಯನ್ನು ಒಂದು ವರ್ಷದಿಂದಲೂ ನವೆಂಬರಿನ ಅಂಕಿಯನ್ನು ಇನ್ನೊಂದರಿಂದಲೂ ಎತ್ತಿಕೊಂಡು ಹೋಲಿಸಿದರೆ ಬೆಳವಣಿಗೆಯ ಬದಲು ಕಬ್ಬಿನ ಕಟಾವನ್ನು ಅಳೆದಂತಾಗುತ್ತದೆ.

ಶಾಲೆಗೆ ಬಂದ ಮಕ್ಕಳಲ್ಲಿ ಹೆಚ್ಚಿನವರು ಹಿಂದೂ, ಮುಸ್ಲಿಂ ಮನೆಯವರು, ಮತ್ತು ಅವರಲ್ಲಿ ಬಹುಪಾಲು ಹಾಗೇ ಉಳಿದರು. ವಿದ್ಯಾರ್ಥಿಗಳ ಸಂಖ್ಯೆಯನ್ನು ಸಭೆಯ ಸಂಖ್ಯೆಯ ಹತ್ತಿರವೂ ಸುಳಿಯಲು ಬಿಡಬೇಡಿ. ಈ ಶಾಲೆಗಳ ದೊಡ್ಡತನ ಇರುವುದೂ ಇಲ್ಲೇ: ದ್ವೀಪದ ಭಾರತೀಯರಿಗೆ ಅಕ್ಷರ ದಕ್ಕಿದ್ದು ಬಹುಮಟ್ಟಿಗೆ ಈ ಬೆಂಚುಗಳ ಮೇಲೆ, ದೀಕ್ಷಾಸ್ನಾನ ಆಗಿರಲಿ ಬಿಡಲಿ.

ಹೆಣ್ಣುಮಕ್ಕಳ ಹಾಜರಿ ಬೇರೆ ಕೊಟ್ಟಿದ್ದರೆ ಅದನ್ನು ತಪ್ಪದೆ ಎತ್ತಿಕೊಳ್ಳಿ. ಸಾರಾ ಮಾರ್ಟನ್ ಟುನಾಪುನಾದಲ್ಲಿ ಹುಡುಗಿಯರನ್ನು ಮನೆಯಲ್ಲೇ ಇಟ್ಟುಕೊಂಡು ಕಲಿಸುವ ಏರ್ಪಾಡು ಮಾಡಿದರು. ಅಲ್ಲಿ ಕಲಿತವರಲ್ಲಿ ಅನೇಕರು ಮೇಷ್ಟ್ರ, ಉಪದೇಶಿಗಳ ಮನೆ ತುಂಬಿದರು. ಒಂದು ಪೀಳಿಗೆಯ ಕ್ರೈಸ್ತ ಕುಟುಂಬಗಳು ನಿಂತದ್ದು ಈ ಮದುವೆಗಳ ಮೇಲೆ, ಆದರೆ ಒಟ್ಟು ಅಂಕಿಯೊಳಗೆ ಇದು ಕಾಣುವುದಿಲ್ಲ. ಬೈಬಲ್ ವುಮನ್ ಎಂದು ಕರೆಯುತ್ತಿದ್ದ ಹೆಂಗಸರು ಮನೆಮನೆಗೆ ಹೋಗಿ ಸತ್ಯವೇದ ಓದಿ ಹೇಳುತ್ತಿದ್ದರು. ವರದಿಯಲ್ಲಿ ಅವರ ಹೆಸರು ಬರುವುದು ಅಪರೂಪ, ಸಂಬಳದ ಪಟ್ಟಿಯಲ್ಲಿ ಹುಡುಕಬೇಕು.

ಮೇಷ್ಟ್ರ ಬೆನ್ನು ಹತ್ತುವುದು

ಇದು ಇಡೀ ಕೆಲಸದ ಹೃದಯ, ಅರ್ಧ ಸಮಯ ಇದಕ್ಕೇ ಮೀಸಲಿಡಿ. ಕೆನಡಾದ ಮಿಷನರಿಗಳು ಯಾವ ಹೊತ್ತಿನಲ್ಲೂ ಬೆರಳೆಣಿಕೆಯಷ್ಟೇ ಇದ್ದರು. ಸ್ಯಾನ್ ಫರ್ನಾಂಡೊ, ಪ್ರಿನ್ಸಸ್ ಟೌನ್, ಕೂವಾ, ಟುನಾಪುನಾ ಎಂಬ ನಾಲ್ಕು ವಲಯಗಳು, ವಲಯಕ್ಕೊಬ್ಬ ಮಿಷನರಿ, ಅವರ ಕೆಳಗೆ ಹತ್ತಾರು ಶಾಲೆ. ಮಿಕ್ಕದ್ದೆಲ್ಲ ಸ್ಥಳೀಯರ ದುಡಿಮೆ. ಲಾಲ್ ಬಿಹಾರಿ 1882ರಲ್ಲಿ ಸಭಾಪಾಲಕರಾಗಿ ಅಭಿಷೇಕ ಪಡೆದರು, ಭಾರತೀಯರಲ್ಲಿ ಅವರೇ ಮೊದಲಿಗರು. 1892ರಲ್ಲಿ ಸ್ಯಾನ್ ಫರ್ನಾಂಡೊದಲ್ಲಿ ದೇವಶಾಸ್ತ್ರದ ಕಾಲೇಜು, 1894ರಲ್ಲಿ ಶಿಕ್ಷಕರ ತರಬೇತಿ ಸಂಸ್ಥೆ ಶುರುವಾದವು. ನಪಾರಿಮಾ ಕಾಲೇಜು ತನ್ನ ಹುಟ್ಟನ್ನು 1894ಕ್ಕೆ ಗುರುತಿಸುತ್ತದೆ, ನಪಾರಿಮಾ ಹೆಣ್ಣುಮಕ್ಕಳ ಪ್ರೌಢಶಾಲೆ 1912ರದು. ಉಪದೇಶಿ, ಮೇಷ್ಟ್ರು, ಪಾದ್ರಿ, ಮೂವರನ್ನೂ ದ್ವೀಪದಲ್ಲೇ ತಯಾರಿಸುವ ಸರಪಳಿ 1868ರಿಂದ 1894ರೊಳಗೆ ಪೂರ್ತಿಯಾಯಿತು. ಸಭೆ ಬೇರು ಬಿಟ್ಟದ್ದು ಇದರಿಂದ.

ಪ್ರತಿಯೊಬ್ಬ ಮೇಷ್ಟ್ರಿಗೂ ಒಂದು ಚೀಟಿ ಮಾಡಿ. ಐದು ದಿನಾಂಕ ಬರೆಯಿರಿ: ಶಾಲೆಗೆ ಸೇರಿದ್ದು, ದೀಕ್ಷಾಸ್ನಾನ, ಸಹಾಯಕನಾಗಿ ಮೊದಲ ನೇಮಕ, ತರಬೇತಿ, ಮದುವೆ. ಐದೂ ಸಿಗುವುದು ಅಪರೂಪ, ಮೂರು ಸಿಕ್ಕರೂ ಉಪಯೋಗ. ಟ್ರಿನಿಡಾಡ್‌ನಲ್ಲಿ ಇವತ್ತಿಗೂ ಕೇಳಿಬರುವ ಒಂದು ದೂರಿದೆ: ಮಿಷನ್ ಶಾಲೆಯಲ್ಲಿ ಕೆಲಸ ಬೇಕಾದರೆ ಕ್ರೈಸ್ತರಾಗಬೇಕಿತ್ತು, ಅದಕ್ಕೇ ಆದರು ಎಂದು. ಸಭೆಯ ಕಡೆಯವರು ಅದು ಹೃದಯದಿಂದ ಬಂದ ನಂಬಿಕೆ ಎನ್ನುತ್ತಾರೆ. ಚೀಟಿಗಳನ್ನು ಸಾಲಾಗಿ ಜೋಡಿಸಿ ನೋಡಿ. ದೀಕ್ಷಾಸ್ನಾನ ಬಾಲ್ಯದಲ್ಲೇ ಆಗಿದೆಯೇ, ನೇಮಕಕ್ಕೆ ಕೆಲವೇ ತಿಂಗಳ ಮೊದಲೇ, ಅಥವಾ ಕೆಲಸ ಸಿಕ್ಕ ಎಷ್ಟೋ ವರ್ಷಗಳ ಮೇಲೆಯೇ? ಮೂರು ಬಗೆಯವರನ್ನೂ ಎಣಿಸಿ, ಎಣಿಕೆಯನ್ನು ಹಾಗೇ ಮುಂದಿಡಿ. ದಿನಾಂಕಗಳು ಯಾವುದು ಮೊದಲು ಯಾವುದು ಆಮೇಲೆ ಎಂದು ಹೇಳುತ್ತವೆ, ಮನಸ್ಸಿನಲ್ಲಿ ಏನಿತ್ತೆಂದು ಹೇಳುವುದಿಲ್ಲ. ಆ ಎಲ್ಲೆ ದಾಟಿ ಯಾರ ಪರವಾಗಿಯೂ ತೀರ್ಪು ಕೊಡಬಾರದು. ಹೀಗೆ ಬದುಕಿದವರ ಮೊಮ್ಮಕ್ಕಳು ಎರಡೂ ಕಡೆ ಇದ್ದಾರೆ.

ಮದುವೆಯ ದಿನಾಂಕ ಯಾಕೆಂದರೆ, ಪುರೋಹಿತರು ಮಾಡಿಸಿದ ಹಿಂದೂ ಮದುವೆಗೆ ದ್ವೀಪದ ಕಾನೂನಿನಲ್ಲಿ ಪೂರ್ತಿ ಮಾನ್ಯತೆ ಬಂದದ್ದು 1940ರ ದಶಕದ ನಡುವಿನಲ್ಲಿ. ಅಲ್ಲಿಯವರೆಗೆ ಆ ಮಕ್ಕಳು ಕಾಗದದ ಮೇಲೆ ಅಕ್ರಮ ಸಂತಾನ, ಆಸ್ತಿ ಹಕ್ಕಿಗೆ ತೊಡಕು. ಚರ್ಚಿನ ಮದುವೆಗೆ ಆ ತೊಡಕಿರಲಿಲ್ಲ. ದೀಕ್ಷಾಸ್ನಾನ ಮತ್ತು ಮದುವೆ ಒಂದೇ ವಾರದಲ್ಲಿ ಬಿದ್ದಿರುವ ನಮೂದುಗಳನ್ನು ಬೇರೆ ಗುರುತು ಹಾಕಿ ಇಟ್ಟುಕೊಳ್ಳಿ.

ಹೆಸರುಗಳ ಗೋಜಲು

ಒಬ್ಬನೇ ಮನುಷ್ಯ ಮೂರು ಹೆಸರಲ್ಲಿ ಸಿಗುತ್ತಾನೆ. ವಲಸೆ ರಿಜಿಸ್ಟರಿನಲ್ಲಿ ಒಂದೇ ಹೆಸರು, ಜೊತೆಗೆ ತಂದೆಯ ಹೆಸರು, ಜಾತಿ, ಜಿಲ್ಲೆ, ಹಳ್ಳಿ, ಹಡಗು, ಎಸ್ಟೇಟು. ದೀಕ್ಷಾಸ್ನಾನದಲ್ಲಿ ಬೈಬಲಿನ ಅಥವಾ ಇಂಗ್ಲಿಷ್ ಹೆಸರು ಸೇರುತ್ತದೆ. ಮುಂದಿನ ಪೀಳಿಗೆಯಲ್ಲಿ ಅಜ್ಜನ ಒಂಟಿ ಹೆಸರೇ ಮನೆತನದ ಹೆಸರಾಗುತ್ತದೆ. ಬರೆದುಕೊಂಡವರು ಕಿವಿಗೆ ಬಿದ್ದಂತೆ ಬರೆದಿದ್ದಾರೆ, ಬಿಹಾರಿ ಎಂಬುದೇ ಎರಡು ಮೂರು ಕಾಗುಣಿತದಲ್ಲಿ ಬರುತ್ತದೆ. ಹೊಂದಿಸುವಾಗ ಹೆಸರೊಂದನ್ನೇ ನಂಬದೆ ತಂದೆಯ ಹೆಸರು, ಊರು, ಸುಮಾರು ವಯಸ್ಸು, ಈ ಮೂರರಲ್ಲಿ ಎರಡಾದರೂ ತಾಳೆಯಾದರೆ ಮಾತ್ರ ಒಬ್ಬನೇ ಎಂದು ಗುರುತಿಸಿ.

ಇಂಗ್ಲಿಷ್ ಹೆಸರು ಕಂಡಾಕ್ಷಣ ಬಿಳಿಯನೆಂದೂ ಎಣಿಸಬೇಡಿ. 1912ರಲ್ಲಿ ವಸಾಹತಿನ ಶಾಸನ ಸಭೆಗೆ ನೇಮಕವಾದ ಮೊದಲ ಭಾರತೀಯನ ಹೆಸರು ಜಾರ್ಜ್ ಫಿಟ್ಜ್‌ಪ್ಯಾಟ್ರಿಕ್.

ಊರಿನ ಹೆಸರಿಗೂ ಇದೇ ಪಾಡು. ಪ್ರಿನ್ಸಸ್ ಟೌನ್‌ಗೆ ಆ ಹೆಸರು ಬಂದದ್ದು 1880ರಲ್ಲಿ ಬ್ರಿಟಿಷ್ ರಾಜಕುಮಾರರಿಬ್ಬರು ಬಂದುಹೋದ ಮೇಲೆ. ಅದಕ್ಕೂ ಮೊದಲು ಅದು ಮಿಷನ್ ಎಂದೇ ಪ್ರಸಿದ್ಧ. ಅದು ಕೆನಡಾದವರ ಮಿಷನ್ ಅಲ್ಲ. ಸ್ಪೇನಿನ ಕಾಲದ ಕಪುಚಿನ್ ಕ್ಯಾಥೊಲಿಕ್ ಸನ್ಯಾಸಿಗಳದು. ಈ ಒಂದು ಪದ ಎಷ್ಟೋ ಪ್ರಬಂಧಗಳನ್ನು ದಾರಿ ತಪ್ಪಿಸಬಲ್ಲದು. ಹಾಗೆಯೇ ಹಿರಿಯರು ಸಿ.ಎಂ. ಸ್ಕೂಲ್ ಎಂದರೆ ಕೆನಡಿಯನ್ ಮಿಷನ್ ಸ್ಕೂಲ್ ಎಂದರ್ಥ. ಇವತ್ತಿನ ಪಟ್ಟಿಯಲ್ಲಿ ಅದೇ ಶಾಲೆ ಪ್ರೆಸ್ಬಿಟೇರಿಯನ್ ಪ್ರಾಥಮಿಕ ಶಾಲೆ ಎಂದಿರುತ್ತದೆ. ಮಾತಾಡಿಸಲು ಹೋದಾಗ ಸಭೆಯ ಬಗ್ಗೆ ಕೇಳುವ ಮೊದಲು ಸಿ.ಎಂ. ಸ್ಕೂಲ್ ಯಾವ ರಸ್ತೆಯಲ್ಲಿತ್ತು, ಹೆಡ್ ಮೇಷ್ಟ್ರು ಯಾರು ಎಂದು ಕೇಳಿ. ನೆನಪು ಅಲ್ಲಿಂದ ಬಿಚ್ಚಿಕೊಳ್ಳುತ್ತದೆ.

ನಾಣ್ಯ

ವರದಿಯಲ್ಲಿ ಡಾಲರ್ ಎಂದಿದ್ದರೆ ಯಾರ ಡಾಲರ್ ಎಂದು ನೋಡಿ. ಬ್ರಿಟಿಷ್ ವೆಸ್ಟ್ ಇಂಡೀಸಿನ ಲೆಕ್ಕದ ಡಾಲರ್ ಪೌಂಡಿಗೆ 4.80, ಕೆನಡಾದ್ದು ಚಿನ್ನದ ನಾಣ್ಯಮಾನದ ಕಾಲದಲ್ಲಿ ಪೌಂಡಿಗೆ ಸುಮಾರು 4.8667. 200 ಪೌಂಡು ಎಂದರೆ ವೆಸ್ಟ್ ಇಂಡೀಸಿನ ಲೆಕ್ಕದಲ್ಲಿ 960 ಡಾಲರ್, ಕೆನಡಾದ ಲೆಕ್ಕದಲ್ಲಿ 973 ಡಾಲರ್ 33 ಸೆಂಟ್. ವ್ಯತ್ಯಾಸ ಸಣ್ಣದು, ಆದರೆ ಮಂಡಳಿಯ ಜಮಾಖರ್ಚು ಮತ್ತು ದ್ವೀಪದ ಜಮಾಖರ್ಚು ಒಂದಕ್ಕೊಂದು ಕೂಡದಿದ್ದಾಗ ಮೊದಲು ನೋಡಬೇಕಾದ್ದು ಇದನ್ನೇ. ಮೂಲ ನಾಣ್ಯದಲ್ಲೇ ಬರೆದು, ಪಕ್ಕದಲ್ಲಿ ಪೌಂಡಿಗೆ ಪರಿವರ್ತಿಸಿ.

ನಕ್ಷೆಯ ಮೇಲೆ ಇಡುವುದು

ಪ್ರತಿ ಶಾಲೆ, ಪ್ರತಿ ಸಭೆಗೆ ಒಂದು ಚುಕ್ಕಿ, ಪಕ್ಕದಲ್ಲಿ ಶುರುವಾದ ವರ್ಷ. ಅದರ ಮೇಲೆ ಎರಡು ಪದರ ಹಾಕಿ. ಒಂದು ರೈಲು: ಪೋರ್ಟ್ ಆಫ್ ಸ್ಪೇನ್‌ನಿಂದ ಅರಿಮಾಗೆ 1876ರಲ್ಲಿ, ಸ್ಯಾನ್ ಫರ್ನಾಂಡೊಗೆ 1882ರಲ್ಲಿ, ಪ್ರಿನ್ಸಸ್ ಟೌನ್‌ಗೆ 1884ರಲ್ಲಿ ಹಳಿ ಮುಟ್ಟಿತು. ಟುನಾಪುನಾ ಇರುವುದು ಅರಿಮಾ ಹಳಿಯ ಮೇಲೆ, ಮಾರ್ಟನ್ ಅಲ್ಲಿಗೆ ವಾಸ ಬದಲಿಸಿದ್ದು 1881ರಲ್ಲಿ. ಇನ್ನೊಂದು ಪದರ ಜಮೀನು: ಹತ್ತು ವರ್ಷ ದ್ವೀಪದಲ್ಲಿದ್ದು ಊರಿಗೆ ಮರಳುವ ಹಕ್ಕು ಬಿಟ್ಟುಕೊಟ್ಟವರಿಗೆ 10 ಎಕರೆ ಸರ್ಕಾರಿ ಭೂಮಿ ಕೊಡುವ ಏರ್ಪಾಡು 1869ರಲ್ಲಿ ಶುರುವಾಯಿತು. ಹೀಗೆ ಹುಟ್ಟಿದ ಹಳ್ಳಿಗಳನ್ನು ಗುರುತಿಸಿ. ಎಸ್ಟೇಟಿನ ಬ್ಯಾರಕ್ಕಿನಲ್ಲಿ ಶಾಲೆ ನಡೆಸಬಹುದಿತ್ತು, ಆದರೆ ಸಭೆ ನಿಲ್ಲಬೇಕಾದರೆ ಜನರಿಗೆ ತಮ್ಮದೇ ಮನೆ, ಹಿತ್ತಿಲು, ನೆರೆಹೊರೆ ಬೇಕು. ಚುಕ್ಕಿಗಳು ಈ ಹಳ್ಳಿಗಳ ಸುತ್ತ ಗುಂಪಾಗಿವೆಯೋ ಇಲ್ಲವೋ ಎಂದು ನೋಡಿ ಈ ಮಾತನ್ನು ಒರೆಗೆ ಹಚ್ಚಿ.

ಗಣತಿಯನ್ನು ಓದುವುದು

2000ದ ಗಣತಿಯಲ್ಲಿ ಪ್ರೆಸ್ಬಿಟೇರಿಯನ್ನರು ಶೇ. 3.3, 2011ರಲ್ಲಿ ಶೇ. 2.5. ಕಾಲು ಭಾಗ ಕರಗಿತು ಎಂದು ಬರೆದುಬಿಡುವ ಮುನ್ನ ಇನ್ನೊಂದು ಕಲಮು ನೋಡಿ: ಧರ್ಮ ಹೇಳದವರು. 2000ದಲ್ಲಿ ಅವರು ಶೇ. 1.4 ಇದ್ದರು, 2011ರಲ್ಲಿ ಶೇ. 11.1. ಹೇಳಿದವರೊಳಗಿನ ಪಾಲು ತೆಗೆಯಬೇಕು. 3.3ನ್ನು 98.6ರಿಂದ ಭಾಗಿಸಿ ನೂರರಿಂದ ಗುಣಿಸಿದರೆ 3.35; 2.5ನ್ನು 88.9ರಿಂದ ಭಾಗಿಸಿ ಗುಣಿಸಿದರೆ 2.81. ಇಳಿತ ನಿಜ, ಆದರೆ ಕಾಲು ಭಾಗವಲ್ಲ, ಆರರಲ್ಲಿ ಒಂದು ಭಾಗದಷ್ಟು. ಹೇಳದವರೂ ಹೇಳಿದವರ ಹಾಗೇ ಹಂಚಿಹೋಗಿದ್ದಾರೆ ಎಂಬ ಊಹೆ ಇದರ ಹಿಂದಿದೆ, ಅದನ್ನು ಅಡಿಯಲ್ಲಿ ಬರೆಯಿರಿ. ತಲೆ ಲೆಕ್ಕಕ್ಕೆ ಬಂದರೆ 2011ರ ಜನಸಂಖ್ಯೆ 13,28,019, ಅದರ ಶೇ. 2.5 ಅಂದರೆ ಸುಮಾರು 33,200. ಶೇಕಡಾವನ್ನೇ ದುಂಡಾಗಿಸಿರುವುದರಿಂದ ಇದಕ್ಕಿಂತ ಸೂಕ್ಷ್ಮ ಅಂಕಿ ಬರೆಯುವುದು ತಪ್ಪು. ಅದೇ ಅವಧಿಯಲ್ಲಿ ಪೆಂಟೆಕೋಸ್ಟಲ್ ಬಗೆಯ ಸಭೆಗಳು ಶೇ. 6.8ರಿಂದ 12.0ಕ್ಕೆ ಏರಿದವು. ಇಲ್ಲಿ ಕಳೆದವರು ಅಲ್ಲಿಗೇ ಹೋದರೆಂದು ಗಣತಿ ಹೇಳುವುದಿಲ್ಲ. ಅದಕ್ಕೆ ಸಭಾ ಹಿರಿಯರ ಪುಸ್ತಕದಲ್ಲಿ ಪತ್ರ ತೆಗೆದುಕೊಂಡು ಹೋದವರ ಸಾಲನ್ನೇ ನೋಡಬೇಕು.

ಏರು ಎಲ್ಲಿ ನಿಂತಿತು

ಬೆಳವಣಿಗೆಯ ಚರಿತ್ರೆ ಬರೆಯುವವರು ಅದು ತಡೆದು ನಿಂತ ಕಡೆಯನ್ನೂ ಬರೆಯಬೇಕು. ಆರ್ಯ ಸಮಾಜದ ಭಾಯಿ ಪರಮಾನಂದ್ 1910ರಲ್ಲಿ ದ್ವೀಪಕ್ಕೆ ಬಂದರು, ಹಿಂದೂಗಳಲ್ಲಿ ಸಂಘಟನೆಯ ಮಾತು ಎದ್ದಿತು. ಆದರೂ ಸರ್ಕಾರದ ನೆರವಿನ ಶಾಲೆ ಎಂದರೆ ಕ್ರೈಸ್ತ ಶಾಲೆ ಅಥವಾ ಸರ್ಕಾರಿ ಶಾಲೆ ಎಂಬ ಸ್ಥಿತಿ 1940ರ ದಶಕದ ಕೊನೆಯವರೆಗೂ ನಡೆಯಿತು. ಆಮೇಲೆ ಮುಸ್ಲಿಂ, ಹಿಂದೂ ಸಂಘಗಳ ಶಾಲೆಗಳಿಗೂ ನೆರವು ಬಂತು. 1952ರಲ್ಲಿ ಭದಾಸೆ ಸಗನ್ ಮರಾಜ್ ಮುಂದಾಳತ್ವದಲ್ಲಿ ರೂಪುಗೊಂಡ ಸನಾತನ ಧರ್ಮ ಮಹಾಸಭಾ ಕೆಲವೇ ವರ್ಷಗಳಲ್ಲಿ ಹತ್ತಾರು ಶಾಲೆಗಳನ್ನು ಎಬ್ಬಿಸಿತು. ಹಿಂದೂ ಯುವಕನಿಗೆ ಹಿಂದೂವಾಗಿಯೇ ಮೇಷ್ಟ್ರ ಕೆಲಸ ಸಿಗುವ ದಾರಿ ತೆರೆಯಿತು. ನಿಮ್ಮ ಹಾಳೆಯಲ್ಲಿ ವಯಸ್ಕರ ದೀಕ್ಷಾಸ್ನಾನದ ಕಂಬ 1945ರಿಂದ 1965ರವರೆಗೆ ಹೇಗೆ ನಡೆಯುತ್ತದೆ ಎಂಬುದನ್ನು ವಲಯವಾರು ಬರೆದುಕೊಳ್ಳಿ. ಮಹಾಸಭಾ ಶಾಲೆ ಬಂದ ಹಳ್ಳಿಗಳನ್ನೂ ಬಾರದ ಹಳ್ಳಿಗಳನ್ನೂ ಬೇರೆಬೇರೆ ಗುಂಪು ಮಾಡಿ ಹೋಲಿಸಿದರೆ ಕಾರಣದ ಹತ್ತಿರ ಹೋಗಬಹುದು.

ಪ್ರೆಸ್ಬಿಟೇರಿಯನ್ ಶಾಲೆಗಳು ಮಾತ್ರ ನಿಲ್ಲಲಿಲ್ಲ. ಸೇಂಟ್ ಆಗಸ್ಟೀನ್ ಹೆಣ್ಣುಮಕ್ಕಳ ಪ್ರೌಢಶಾಲೆ 1950ರಲ್ಲಿ, ಹಿಲ್‌ವ್ಯೂ ಕಾಲೇಜು 1955ರಲ್ಲಿ ಬಂದವು. 1960ರ ಡಿಸೆಂಬರಿನಲ್ಲಿ ಸರ್ಕಾರಕ್ಕೂ ಧಾರ್ಮಿಕ ಸಂಸ್ಥೆಗಳಿಗೂ ಆದ ಕಾನ್ಕಾರ್ಡಟ್ ಎಂಬ ಒಪ್ಪಂದ ಆ ಸಂಸ್ಥೆಗಳ ಶಾಲೆಗಳಿಗೆ ಆಸ್ತಿಯ ಹಕ್ಕನ್ನೂ, ಪ್ರೌಢಶಾಲೆಯ ಸೀಟುಗಳಲ್ಲಿ ಶೇ. 20ನ್ನು ಪ್ರಾಂಶುಪಾಲರೇ ತುಂಬುವ ಅಧಿಕಾರವನ್ನೂ ಉಳಿಸಿತು. ಉಳಿದ ಶೇ. 80 ರಾಷ್ಟ್ರಮಟ್ಟದ ಪರೀಕ್ಷೆಯ ಅಂಕದ ಮೇಲೆ. ಸದಸ್ಯರ ಗೆರೆ ಕೆಳಗಿಳಿದಾಗಲೂ ಶಾಲೆಯ ಗೆರೆ ಇಳಿಯದೆ ಇರುವುದಕ್ಕೆ ಈ ಕಾಗದ ಒಂದು ಮುಖ್ಯ ಕಾರಣ.

ರೇಖಾಚಿತ್ರ ಎಳೆಯುವಾಗ ಸದಸ್ಯರು, ವಯಸ್ಕರ ದೀಕ್ಷಾಸ್ನಾನ, ಸರಾಸರಿ ಹಾಜರಿ, ಮೂರಕ್ಕೂ ಬೇರೆ ಚೌಕಟ್ಟು ಕೊಡಿ, ಒಂದರ ಕೆಳಗೊಂದು, ವರ್ಷದ ಅಳತೆ ಮಾತ್ರ ಒಂದೇ. ಒಂದೇ ಚೌಕಟ್ಟಿನಲ್ಲಿ ಹಾಕಿದರೆ ಹಾಜರಿಯ ಎತ್ತರಕ್ಕೆ ಮಿಕ್ಕೆರಡು ನೆಲಕ್ಕಂಟಿ ಏನೂ ಕಾಣುವುದಿಲ್ಲ. 1875, 1890, 1925, 1960 ಈ ನಾಲ್ಕು ಕಡೆ ನಿಲುವುಗೆರೆ ಎಳೆಯಿರಿ. ದಾಖಲೆಯಿಲ್ಲದ ವರ್ಷಗಳಲ್ಲಿ ಗೆರೆ ಕಡಿಯಲಿ, ಚುಕ್ಕೆಗಳಿಂದಲೂ ಜೋಡಿಸಬೇಡಿ. ಸಭೆಯ ಪುಸ್ತಕಗಳ ಚಿತ್ರ ತೆಗೆದುಕೊಂಡಿದ್ದರೆ ಒಂದು ಪ್ರತಿ ಆ ಸಭೆಗೇ ಹಿಂದಿರುಗಿಸಿ. ತೇವದ ಹವೆಯಲ್ಲಿ ಗೆದ್ದಲು, ಬೂಷ್ಟು ಎರಡೂ ಬೇಗ, ಹಲವು ಕಡೆ ನಿಮ್ಮ ಚಿತ್ರವೇ ಕೊನೆಯ ಪ್ರತಿಯಾಗಬಹುದು.